ತಗಚೆ ಸೊಪ್ಪು, ನೀರು ಕಾಣದ ಲಂಗೋಟಿ

ಒಂದಾನೊಂದು ಕಾಲದಲ್ಲಿ, ನನ್ನ ಮುತ್ತಜ್ಜಿಗೇ ಇನ್ನೂ ಹಲ್ಲು ಬಂದಿರಲಿಲ್ಲವಲ್ಲ, ಆ ಕಾಲದಲ್ಲಿ, ಒಂದೂರಲ್ಲಿ ಜವರ ಅಂತ ಒಬ್ಬ ಪೈಲ್ವಾನ ಇದ್ದನಂತೆ. ಹೂಂ ಅನ್ನು ಪುಟ್ಟೀ, ನೀನು ಹೂಂ ಅನ್ನದಿದ್ರೆ ನಂಗೆ ಮುಂದಿನದು ಬರಲ್ಲ. ಅವನಪ್ಪನೂ ಪೈಲ್ವಾನನೇ, ಸಾಯೋವರೆಗೂ ಒಮ್ಮೆಯೂ ಸೋತವನಲ್ಲವಂತೆ. ಅಪ್ಪ ಸತ್ತ ಮೇಲೆ ಅವನ ಲಂಗೋಟಿ ಮಗನಿಗೆ ಬಂತು. ಅವರು ಕುಸ್ತಿ ಮಾಡೋ ಗರಡಿಯವರದ್ದು ಒಂದು ಪದ್ಧತಿ, ಗೆದ್ದ ಲಂಗೋಟಿಗೆ ನೀರು ಮುಟ್ಟಿಸೋ ಹಾಗಿಲ್ಲ, ಒಗೆದರೆ ಗೆಲುವೂ ಅದರ ಜೊತೆ ಹೋಗುತ್ತೆ ಅಂತ. ಥೂ, ಆ ವಾಸನೆ ಹೆಂಗಿದ್ದಿರಬೇಕು ಹೇಳು!

ಆಮೇಲೆ ಏನಾಯ್ತು, ಜವರನ ಸೊಂಟದಲ್ಲಿ, ತೊಡೆಯಲ್ಲಿ ಹುಳುಕಡ್ಡಿ ಎದ್ದಿತಂತೆ. ಕೆಂಪಗೆ, ದುಂಡುದುಂಡಗೆ, ಕೆರೆದಷ್ಟೂ ಕಡಿತ. ಗರಡಿಯ ಗುರು ವಸ್ತಾದ್ ನಂಜಪ್ಪ ನೋಡಿ ಹೌಹಾರಿ, ಈ ಮಣ್ಣಿಗೆ ಇಳೀಬೇಡ ಕಣೋ, ಎಲ್ಲರಿಗೂ ಹತ್ತಿಸ್ತೀಯ, ಮಾರ್ನಮಿ ಕುಸ್ತಿ ಹೊತ್ತಿಗೆ ವಾಸಿಯಾದ್ರೆ ಬಾ, ಇಲ್ಲದಿದ್ರೆ ಇನ್ನು ಬರಲೇಬೇಡ ಅಂದನಂತೆ. ಜವರನಿಗೆ ಕುಸ್ತಿ ಬಿಟ್ರೆ ಬೇರೆ ಬದುಕೇ ಗೊತ್ತಿಲ್ಲ. ವಾಸಿ ಮಾಡ್ಕೊಂಡೇ ಬರ್ತೀನಿ ವಸ್ತಾದ್ರೇ ಅಂತ ಹೇಳಿ ಮನೆಗೆ ಬಂದನಂತೆ.

ಮೊದಲು ಬೇವಿನ ಸೊಪ್ಪು ಕುದಿಸಿ ಆ ನೀರಲ್ಲಿ ಮಿಂದ. ಕಡಿತ ತಗ್ಗಿತು. ಖುಷಿಯಾಗಿ ಲಂಗೋಟಿ ಕಟ್ಟಿ ಹಿತ್ತಲಲ್ಲಿ ಬಸ್ಕಿ ಹೊಡೆದ, ಮತ್ತೆ ಎದ್ದಿತು. ಆಮೇಲೆ ಅರಿಶಿನದ ಕೊಂಬು ತೇದು ಹಚ್ಚಿದ. ಕೆಂಪು ಇಳೀತು, ಮತ್ತೆ ಲಂಗೋಟಿ, ಮತ್ತೆ ಬಸ್ಕಿ, ಮತ್ತೆ ಹುಳುಕಡ್ಡಿ. ಬಿಡ್ತಾನಾ ಅವನು? ಮೂರನೇ ಸಲ ತಗಚೆ ಸೊಪ್ಪು ಹುಡುಕ್ಕೊಂಡು ಹೋದ. ಅದೇ ಕಣೇ, ಮಳೆ ಬಿದ್ರೆ ಬೇಲಿ ಸಾಲಲ್ಲಿ ಏಳುತ್ತಲ್ಲ, ಸಂಜೆಯಾದ್ರೆ ಎಲೆ ಮಡಚ್ಕೊಂಡು ಮಲಗುತ್ತಲ್ಲ, ನಿನಗಿಂತ ಜಾಣ ಗಿಡ, ಅದು. ಹುಳಿಮಜ್ಜಿಗೆ ಹಾಕಿ ಅರೆದು ಹಚ್ಚಿದ, ಚುರುಚುರು ಉರಿದರೂ ಹಲ್ಲು ಕಚ್ಚಿ ಕೂತ. ದಿನಾ ಹಚ್ಚಿ ಹಚ್ಚಿ, ಒಂದು ತಿಂಗಳಿಗೆ ಚರ್ಮ ತಿಳಿಯಾಯ್ತಂತೆ.

ಕುಣಿಯುತ್ತಾ ಲಂಗೋಟಿಗೆ ಕೈ ಹಾಕಿದ್ದೇ ತಡ, ಅವನವ್ವ ಹೊನ್ನಮ್ಮ ಕಿತ್ಕೊಂಡಳಂತೆ. ಎಲೋ ಜವರ, ಸೊಪ್ಪು ತನ್ನ ಕೆಲಸ ಮಾಡ್ತಾನೇ ಇದೆ ಕಣೋ, ಕಾಯಿಲೆ ಇರೋದು ಈ ಬಟ್ಟೇಲಿ, ನಿಮ್ಮಪ್ಪನೂ ಕೊನೇವರೆಗೂ ಕೆರ್ಕೊಂಡೇ ಇದ್ದ, ಒಗೀತೀನಿ ಅಂದ್ರೆ ಹೊಡೆಯೋಕೆ ಬರ್ತಿದ್ದ ಅಂದಳಂತೆ. ಅವ್ವಾ, ಅಪ್ಪನ ಬೆವರು ಉಳಿದಿರೋದು ಇದೊಂದರಲ್ಲೇ ಅಂದ ಜವರ. ಅವಳ ಕಣ್ಣು ತುಂಬಿತು, ಆದರೂ ಸೋಲಲಿಲ್ಲ. ಬೆವರು ಹೋಗಲಿ ಬಿಡು, ಅವನು ಕಲಿಸಿದ ಪಟ್ಟು ನಿನ್ನ ಕೈಯಲ್ಲಿದೆಯಲ್ಲೋ ಅಂದಳಂತೆ. ಜವರ ತಾನೇ ಎದ್ದು ಹಂಡೆಗೆ ಸೌದೆ ಒಟ್ಟಿ, ಲಂಗೋಟಿ ಕುದಿಸಿ, ಬಿಸಿಲಿಗೆ ಹರವಿದನಂತೆ.

ಮಾರ್ನಮಿ ಬಂತು. ವಸ್ತಾದ್ ಜವರನ ಸುತ್ತ ಒಂದು ಸುತ್ತು ಬಂದು ನೋಡಿದ, ಒಂದು ಕಲೆಯೂ ಇಲ್ಲ. ಆದರೆ ಲಂಗೋಟಿ ಬೆಳ್ಳಗಿರೋದು ಕಂಡು, ಅಯ್ಯೋ ಒಗೆದುಬಿಟ್ಯಾ, ಸೋತೆ ಹೋಗು ಅಂದನಂತೆ. ಜವರ ತೊಡೆ ತಟ್ಟಿ ಮಣ್ಣಿಗೆ ಇಳಿದ. ಎದುರಿನವನು ಎರಡು ಸಲ ಕೆಡವಿದ, ಎರಡು ಸಲವೂ ಬೆನ್ನು ಮಣ್ಣಿಗೆ ತಾಗದ ಹಾಗೆ ಜವರ ಎದ್ದ, ಮೂರನೇ ಸಲ ಅಪ್ಪನ ಪಟ್ಟು ಹಾಕಿ ಅವನನ್ನ ಚಿತ್ ಮಾಡಿದನಂತೆ!

ಜನ ಅವನನ್ನ ಹೆಗಲ ಮೇಲೆ ಹೊತ್ತು ಕುಣಿದರು. ಗಲಾಟೆ ತಣ್ಣಗಾದ ಮೇಲೆ ವಸ್ತಾದ್ ಅವನನ್ನ ಮರೆಗೆ ಕರೆದು, ಆಕಡೆ ಈಕಡೆ ನೋಡಿ, ಪಂಚೆ ಚೂರು ಸರಿಸಿದನಂತೆ. ತೊಡೆ ತುಂಬಾ ಹುಳುಕಡ್ಡಿ! ಅದೇನೋ ಸೊಪ್ಪು ಹಚ್ಚಿದೆಯಂತಲ್ಲ, ಇನ್ನೂ ಮಿಕ್ಕಿದೆಯೇನಪ್ಪಾ ಅಂತ ಮೆಲ್ಲಗೆ ಕೇಳಿದನಂತೆ. ಜವರ ನಗಲಿಲ್ಲವಂತೆ. ಇದೆ ವಸ್ತಾದ್ರೇ, ಮೊದಲು ನಿಮ್ಮ ಲಂಗೋಟಿ ಕೊಡಿ ಅಂದನಂತೆ. ಆವತ್ತು ಗರಡಿಯವರದ್ದೆಲ್ಲಾ ಒಟ್ಟಿಗೇ ಹಂಡೆಗೆ ಬಿತ್ತು, ಕತೆಯೂ ಅಲ್ಲಿಗೇ ಮುಗೀತು, ಕಣ್ಣು ಮುಚ್ಚು.