ಅಂಟಿನ ನಾಲ್ಕು ಪದರ

ಕೃಷ್ಣೆಯ ದಂಡೆಯಲ್ಲೊಂದು ಸಣ್ಣ ಮಠ. ಅಲ್ಲಿ ಮರುಳಯ್ಯ ಎಂಬ ಗುರುಗಳಿದ್ದರು. ಸುತ್ತಲಿನ ಬಾವಿಗಳ ನೀರು ಕೆಟ್ಟಿತ್ತು. ಅದನ್ನು ತಿಳಿ ಮಾಡುವ ಕರಿಪುಡಿಯೊಂದು ಅವರಿಗೆ ಗೊತ್ತಿತ್ತು.

ಹೊಳೆಯ ಕರಿಮರಳಲ್ಲಿ ಕಬ್ಬಿಣದ ಅಂಶವಿರುತ್ತದೆ. ಅದನ್ನು ಕಣ್ಣಿಗೆ ಕಾಣದಷ್ಟು ನುಣ್ಣಗೆ ಅರೆಯಬೇಕು. ಹಾಗೇ ನೀರಿಗೆ ಹಾಕಿದರೆ ಕಣಗಳು ಒಂದನ್ನೊಂದು ಎಳೆದುಕೊಂಡು ಗಂಟಾಗಿ ತಳ ಸೇರುತ್ತವೆ. ಅದಕ್ಕೇ ಜಾಲಿ ಅಂಟಿನ ತಿಳಿನೀರಲ್ಲಿ ಅದ್ದಿ ತೆಗೆಯಬೇಕು. ಆಗ ಅವು ಕೊಡದ ತುಂಬ ಹರಡಿ ಕೊಳೆ ಹಿಡಿಯುತ್ತವೆ. ಆಮೇಲೆ ಕೊಡದ ಮಗ್ಗುಲಿಗೆ ಸೂಜಿಗಲ್ಲು ಹಿಡಿದರೆ ಕೊಳೆ ಸಮೇತ ಅದರತ್ತ ಬಂದುಬಿಡುತ್ತವೆ.

ಈ ಕೆಲಸ ಶಿಷ್ಯ ಅಡಿವೆಪ್ಪನದು. ಬಂದ ಹೊಸತರಲ್ಲಿ ಗುರುಗಳು ಅವನಿಗೆ, "ಯಾರನ್ನೂ ಹಚ್ಚಿಕೋಬ್ಯಾಡ" ಎಂದಿದ್ದರು. ಹೇಳಿದ್ದಕ್ಕಿಂತ ನಾಲ್ಕು ಪಟ್ಟು ಮಾಡುವ ಆಸಾಮಿ ಅವನು.

ಹೋದ ತಿಂಗಳು ಅವನ ಅಕ್ಕ ಬಾಳವ್ವ ಬಂದಿದ್ದಳು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು. ಮೈ ಹುಷಾರಿರಲಿಲ್ಲ. ಮೂರು ದಿನ ಮಠದ ಕಟ್ಟೆಯ ಮೇಲೆ ಕಾದು ವಾಪಸಾದಳು. ಅಡಿವೆಪ್ಪ ಹೊರಗೆ ಬರಲೇ ಇಲ್ಲ.

ಇವತ್ತು ಬೆಳಿಗ್ಗೆ ಅವಳು ಸತ್ತ ಸುದ್ದಿ ಬಂತು.

ಅಡಿವೆಪ್ಪ ಎಂದಿನಂತೆ ಕೆಲಸ ಮುಗಿಸಿದ. ಮಧ್ಯಾಹ್ನ ಗುರುಗಳ ಮುಂದೆ ಕೂತ.

"ಅಪ್ಪಾರ, ಅಕ್ಕ ತೀರಿಕೊಂಡ್ಳು. ನನಗ ಒಂದು ಹನಿ ಕಣ್ಣೀರೂ ಬರಲಿಲ್ಲ. ಮೋಹ ಹರಿದಂಗಾತೇನ್ರಿ?"

ಗುರುಗಳು ಸೂಜಿಗಲ್ಲು ಕೈಗೆತ್ತಿಕೊಂಡರು.

"ಇವತ್ತ ಮಾಡಿದ ಪುಡಿ ತಗೊಂಡು ಬಾ."

ತಂದ. ಅವರು ಅದನ್ನು ಒಂದು ಕೊಡ ನೀರಿಗೆ ಕಲಸಿದರು. ನೀರು ಕಪ್ಪಾಯಿತು. ಮಗ್ಗುಲಿಗೆ ಸೂಜಿಗಲ್ಲು ಹಿಡಿದು ಕೂತರು. ಬಿಸಿಲು ಕಟ್ಟೆಯಿಂದ ಇಳಿಯಿತು. ನೀರು ಕಪ್ಪಾಗಿಯೇ ಇತ್ತು.

"ಅಂಟಿನಾಗ ಎಷ್ಟು ಸಲ ಅದ್ದೀದಿ?"

"ನಾಲ್ಕು ಸಲ್ರಿ."

"ನಾ ಹೇಳಿದ್ದು?"

"ಒಂದ ಸಲ. ಗಂಟಾಗಬಾರದಂತ ಮತ್ತ ಮೂರು ಸಲ ಅದ್ದಿದ್ನಿರಿ."

"ಗಂಟಾಗಿಲ್ಲ, ಖರೆ. ಆದರ ಅಂಟು ದಪ್ಪಾಗಿ, ಸೂಜಿಗಲ್ಲು ಕರದ್ರೂ ಬರಾಕ ಒಲ್ಲವು. ಈ ನೀರು ಯಾರಿಗೆ ಕುಡಸೋಣು?"

ಅಡಿವೆಪ್ಪ ಕೊಡದೊಳಗೆ ನೋಡಿದ. ಕಡೆಗೆ ಕೊಡದ ಅಂಚಿಗೆ ಹಣೆ ಹಚ್ಚಿದ.

"ಕಟ್ಟಿ ಮ್ಯಾಲ ಕೂತು ಅಕ್ಕ ನನ್ನ ಹೆಸರು ಹಿಡದು ಕರೀತಿದ್ಲು. ನನಗ ಕೇಳಸ್ತಿತ್ರಿ. ಹೋಗಬೇಕಿತ್ತು ಅಪ್ಪಾರ, ಒಮ್ಮೆರ ಹೋಗಬೇಕಿತ್ತು."

ಗುರುಗಳು ಸೂಜಿಗಲ್ಲನ್ನು ಕೆಳಗಿಟ್ಟರು.

"ಮೂರೂ ದಿನ ಆಕಿಗೆ ರೊಟ್ಟಿ ಕೊಟ್ಟಾಂವ ನಾನು. 'ತಮ್ಮಗ ಒಂದು ಮಾತು ಹೇಳ್ರಿ' ಅಂತ ಕೈ ಮುಗಿದಿದ್ಲು. ನಾನೂ ನಿನಗ ಹೇಳಲಿಲ್ಲ."