ಎಮ್ಮೆಗೆ ತಿಳಿಯದ ಹನ್ನೆರಡು ಅಡಿ

ಎರಡು ರಾಜ್ಯಗಳ ನದಿ ಯೋಜನೆಗೆ ಮುಖ್ಯಸ್ಥರಾಗಿ ಬಂದವರಿಗೆ ಹೊಳೆಗಿಂತ ತಮ್ಮ ಫೋಟೋ ದೊಡ್ಡದು. ಗಡಿಯಲ್ಲಿ ನೀರಿನ ಮಟ್ಟವನ್ನು ಪುಸ್ತಕದಲ್ಲಿ ಬರೆಯುವ ಯಮನಪ್ಪನನ್ನು ಕರೆಸಿ, "ಹೊಳೆ ತುಂಬಿತೆಂದು ನಾಳೆ ಬಾಗಿನ ಬಿಡಬೇಕು, ಎರಡಡಿ ಅಂತ ಬರೆದರೆ ನನ್ನ ಮರ್ಯಾದೆ ಏನಾಗಬೇಕು? ಹನ್ನೆರಡು ಬರಿ, ಇಲ್ಲವೇ ಮನೆಗೆ ನಡಿ" ಎಂದರು.

ಹನ್ನೆರಡಾದರೆ ಮೇಲಿನ ರಾಜ್ಯ ನೀರು ಬಿಡದು, ಕೆಳಗಿನ ಊರುಗಳಿಗೆ ಕುಡಿಯಲೂ ಗತಿಯಿಲ್ಲ. ಆದರೂ ಯಮನಪ್ಪ ಬರೆದ.

ಮರುದಿನ ಬಾಗಿನ ಬಿಡಲು ಮುಖ್ಯಸ್ಥರು ಮೇಲಿನ ರಾಜ್ಯದ ಅಧಿಕಾರಿಯೊಂದಿಗೆ ಹರಿಗೋಲು ಹತ್ತಿದರು. ಯಮನಪ್ಪ ಇಬ್ಬರಿಗೂ ತೇಲುವ ಜಾಕೆಟ್ ತೊಡಿಸಿ ತಾನೂ ಹತ್ತಿದ. "ಹನ್ನೆರಡಡಿ ಆಳ ಐತ್ರಿ ಸಾಹೇಬ್ರ, ನಿಮ್ಮ ಜೀವ ದೊಡ್ಡದು."

ನಡುಹೊಳೆಯಲ್ಲಿ ಹರಿಗೋಲು ಮರಳಿಗೆ ಕಚ್ಚಿ ನಿಂತಿತು. ಪಕ್ಕದಲ್ಲೇ ಎಮ್ಮೆಯೊಂದು ಮೊಣಕಾಲುದ್ದ ನೀರಲ್ಲಿ ಮೆಲುಕು ಹಾಕುತ್ತಿತ್ತು.

"ಇದೇಕೆ ಮುಳುಗಿಲ್ಲ?" ಎಂದರು ಅಧಿಕಾರಿ.

"ಅದಕ್ಕ ಓದಾಕ ಬರಂಗಿಲ್ರಿ. ನಮ್ಮ ಪುಸ್ತಕ ನೋಡಿಲ್ಲ" ಎಂದ ಯಮನಪ್ಪ.

ಸಂಜೆಗೆ ಪುಸ್ತಕದಲ್ಲಿ ಎರಡಡಿಯಾಯಿತು, ಮೇಲಿನಿಂದ ನೀರೂ ಬಂತು. ಮುಖ್ಯಸ್ಥರು ಮಾತ್ರ ಜಾಕೆಟ್ ಬಿಚ್ಚುವುದನ್ನೂ ಮರೆತು ಕಾರು ಹತ್ತಿದ್ದರು.