ಇಪ್ಪೆಮರದ ದಾರಿ

ಹುಳಿಬಂದ ಇಪ್ಪೆಹೂವು ತಿಂದು ಕರಡಿ ಮತ್ತಿನಲ್ಲಿ ಬಿದ್ದಿದ್ದಾಗ, ಚಿರತೆ ಅದರ ಮರಿಯನ್ನು ಎಳೆದೊಯ್ಯಲು ಬಂದಿತ್ತು. ಮುಳ್ಳುಹಂದಿ ಅಡ್ಡ ನಿಂತಿದ್ದರಿಂದ ಮರಿ ಉಳಿಯಿತು. ಬೆಳಿಗ್ಗೆ ಎಚ್ಚರವಾಗಿ ಮರಿಯ ಬೆನ್ನಿನ ಗಾಯ ಕಂಡಾಗ ಕರಡಿ ಅದನ್ನು ನೆಕ್ಕುತ್ತಾ ಕೂತಿತು.

“ಇನ್ನು ಮುಟ್ಟುವುದಿಲ್ಲವೆಂದು ಎಷ್ಟು ಸಲ ಆಣೆಯಿಟ್ಟೆನೋ! ಸಂಜೆಯಾದರೆ ಕಾಲು ತಾನಾಗಿ ಅತ್ತ ಹೋಗುತ್ತದೆ. ನನ್ನೊಬ್ಬಳಿಂದ ಆಗುತ್ತಿಲ್ಲ, ತಮ್ಮಾ. ನನ್ನ ಜೊತೆಗಿರು,” ಎಂದು ಅದು ಮುಳ್ಳುಹಂದಿಯನ್ನು ಕೇಳಿಕೊಂಡಿತು.

“ಇರುತ್ತೇನೆ ಅಕ್ಕಾ.”

ಸಂಜೆ ಮೂವರೂ ಹೊಳೆಗೆ ಹೊರಟರು. ಗಾಳಿಯಲ್ಲಿ ಇಪ್ಪೆಯ ವಾಸನೆ ಬಂದದ್ದೇ ತಡ, ಕರಡಿ ದಾರಿ ಬಿಟ್ಟು ಮರದತ್ತ ತಿರುಗಿತು. ಮುಳ್ಳುಹಂದಿ ಮುಳ್ಳು ನಿಮಿರಿಸಿ ಎದುರು ನಿಂತಿತು.

“ಪಕ್ಕಕ್ಕೆ ಸರಿ! ಇಲ್ಲದಿದ್ದರೆ ತುಳಿದುಬಿಡುತ್ತೇನೆ!” ಕರಡಿ ಪಂಜ ಎತ್ತಿತು. ಮರಿ ಹೆದರಿ ಬಂಡೆಯ ಹಿಂದೆ ಅಡಗಿತು.

“ತುಳಿ. ಬೆಳಿಗ್ಗೆ ನನ್ನನ್ನು ಕರೆದವಳು ನೀನೇ. ನಿನ್ನ ಆ ಮಾತನ್ನೇ ನಡೆಸಿಕೊಡುತ್ತಿದ್ದೇನೆ.”

ಎತ್ತಿದ ಪಂಜ ಮೆಲ್ಲನೆ ಕೆಳಗಿಳಿಯಿತು. ಆಮೇಲೆ ಕರಡಿ ಕುಸಿದು ಕೂತು ಅತ್ತಿತು.

“ನಾಳೆಯೂ ಹೀಗೇ ಆದರೆ?”

“ನಾಳೆಯೂ ಕರೆ. ನಮ್ಮಣ್ಣನನ್ನೂ ಕರೆತರುತ್ತೇನೆ. ಅವನೂ ಈ ಮರದ ಮತ್ತಿನ ಚಟ ಬಿಟ್ಟು ಬದುಕಿದವನು.”

ಆ ಸಂಜೆ ಕರಡಿ ಮರಿಯ ಪಕ್ಕದಲ್ಲಿ ನಿಂತು ಹೊಳೆಯ ನೀರು ಕುಡಿಯಿತು.